ದಾಸವಾಳಕ್ಕೆ ಹೇನು ಹತ್ತಿದಾಗ

ದೀಪಾವಳಿ ಮುಗಿದು ಚಳಿ ಕಾಲಿಟ್ಟಿತೆಂದರೆ, ಕೈತೋಟವುಳ್ಳ ಮನೆಗಳಲ್ಲೆಲ್ಲ ಒಂದೇ ದೂರು ಕೇಳಿಬರುತ್ತದೆ. "ಮೊನ್ನೆಯವರೆಗೆ ಮೈತುಂಬ ಹೂವು ಬಿಡುತ್ತಿದ್ದ ದಾಸವಾಳ ಈಗ ಮೊಗ್ಗಿನಲ್ಲಿಯೇ ಮುದುಡುತ್ತಿದೆ. ಎಲೆ ಮುಟ್ಟಿದರೆ ಬೆರಳಿಗೆ ಅಂಟು. ಕುಡಿಯ ಸುತ್ತ ಎಳ್ಳು ಚೆಲ್ಲಿದ ಹಾಗೆ ಹುಳು. ಏನು ಹೊಡೆಯಬೇಕು?"

ಹೀಗೆ ಕೇಳುವವರನ್ನು ಕಂಡು ನಾನು ನಗಲಾರೆ. ಎರಡು ವರುಷಗಳ ಹಿಂದೆ ನಾನೂ ಅಂಗಡಿಯೊಂದರ ಕಟ್ಟೆಯ ಮುಂದೆ ನಿಂತು ಇದೇ ಮಾತನ್ನು ಕೇಳಿದವಳು. ಅಂಗಡಿಯವನು ಗಿಡ ಯಾವುದು, ಹುಳು ಯಾವುದು ಎಂದು ವಿಚಾರಿಸಲಿಲ್ಲ. ಅಂಗೈಯಗಲದ ಒಂದು ಸೀಸೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟನು. ಮನೆಗೆ ಬಂದು ನೀರಿನಲ್ಲಿ ಬೆರೆಸಿ ಸಂಜೆಯೇ ಹೊಡೆದೆ. ಮರುದಿನ ಬೆಳಗ್ಗೆ ನೋಡುತ್ತೇನೆ, ಗಿಡದ ತುಂಬ ಸತ್ತ ಹೇನು! ನನಗಾದ ಸಂತೋಷ ಇಷ್ಟಿಷ್ಟಲ್ಲ.

ಆ ಸಂತೋಷ ಮೂರನೆಯ ದಿನದವರೆಗೆ ಮಾತ್ರ ಉಳಿಯಿತು. ಅಂದು ಮಗಳ ಮಗಳು, ನಾಲ್ಕು ವರುಷದ ಕೂಸು, ಅಂಗಳದಲ್ಲಿ ಕುಳಿತು ದಾಸವಾಳದ ಹೂವನ್ನು ಕಿತ್ತು ಅದರ ಬುಡವನ್ನು ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು. "ಅಜ್ಜೀ, ಜೇನು ಕುಡೀತಿದ್ದೀನಿ" ಎಂದಳು. ಆ ಆಟವನ್ನು ಅವಳಿಗೆ ಕಲಿಸಿಕೊಟ್ಟವಳು ನಾನೇ. ಹೂವನ್ನು ಕಿತ್ತೆಸೆದು ಬಾಯಿ ತೊಳೆಸಿದೆ. ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಓಡಿದೆ. ದೇವರ ದಯೆ, ಏನೂ ಆಗಲಿಲ್ಲ. ಆದರೆ ಅಂದಿನ ರಾತ್ರಿ ನನ್ನ ಕಣ್ಣಿಗೆ ನಿದ್ರೆ ಹತ್ತಲಿಲ್ಲ. ದೇವರ ತಲೆಗೆ ಏರಿಸುವ ಹೂವು, ಮಕ್ಕಳು ಮುಡಿಯುವ ಹೂವು, ಅದರ ಪಕ್ಕದಲ್ಲಿಯೇ ದಿನವೂ ಸಾರಿನ ಒಗ್ಗರಣೆಗೆ ಕೀಳುವ ಕರಿಬೇವು. ಇವುಗಳ ನಡುವೆ ನಾನು ಸುರಿದದ್ದೇನು?

ಇನ್ನು ಹೇನಿನ ಕಥೆ. ಮೂರು ವಾರ ಕಳೆಯುವುದರೊಳಗಾಗಿ ಅವು ಮೊದಲಿಗಿಂತಲೂ ದಟ್ಟವಾಗಿ ಕುಡಿಗಳನ್ನು ಮುತ್ತಿಕೊಂಡಿದ್ದವು.

ಏಕೆ ಹೀಗಾಯಿತು? ಉತ್ತರ ದೊರೆತದ್ದು ಕಿನ್ನಾಳದಲ್ಲಿ.

*ದೊಡ್ಡವ್ವನ ಹಿತ್ತಲು*

ಕಿನ್ನಾಳವೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬಣ್ಣದ ಗೊಂಬೆ. ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದ ಆ ಊರಿನಲ್ಲಿ ಚಿತ್ರಗಾರರ ಮನೆತನಗಳು ತಲೆಮಾರುಗಳಿಂದ ಹಗುರವಾದ ಮರದಲ್ಲಿ ಗರುಡನನ್ನೂ ಕಾಮಧೇನುವನ್ನೂ ಗೌರಿಯನ್ನೂ ಮಾಡುತ್ತ ಬಂದಿವೆ. ನನಗೆ ಮಾತ್ರ ಕಿನ್ನಾಳವೆಂದರೆ ನಮ್ಮ ತಾಯಿಯ ಅಕ್ಕ, ದೊಡ್ಡವ್ವ, ಇರುವ ಊರು. ಮರುವರುಷ ಮಾರ್ಗಶಿರದಲ್ಲಿ ಎಂಟು ದಿನ ಅಲ್ಲಿದ್ದು ಬರಲು ಹೋಗಿದ್ದೆ.

ದೊಡ್ಡವ್ವನ ಹಿತ್ತಲಿನಲ್ಲಿ ಬಚ್ಚಲಿನ ನೀರು ಹರಿಯುವಲ್ಲಿ ಆಳೆತ್ತರದ ಕೆಂಪು ದಾಸವಾಳವಿದೆ. ಬೇಲಿಯ ಮೇಲೆ ಅವರೆಯ ಬಳ್ಳಿ ಹಬ್ಬಿದೆ. ಹೋದ ದಿನವೇ ನನ್ನ ಕಣ್ಣು ದಾಸವಾಳದ ಕುಡಿಗಳ ಮೇಲೆ ಬಿತ್ತು. ಅಲ್ಲಿಯೂ ಹೇನು! ಅವರೆಯ ಬಳ್ಳಿಯಂತೂ ಕರಿಹೇನಿನಿಂದ ಮಸಿ ಬಳಿದಂತೆ ಆಗಿದ್ದಿತು.

"ಏನ್ ದೊಡ್ಡವ್ವಾ, ಇಷ್ಟು ಹೇನು ಹತ್ಯಾವ, ಏನೂ ಹೊಡದಿಲ್ಲೇನು?" ಎಂದೆ.

"ಎದಕ್ಕ ಹೊಡೀಲೆವ್ವಾ?" ಎಂದಳು ಆಕೆ, ಕುಳಿತಲ್ಲಿಂದ ಏಳದೆಯೇ. "ಇನ್ನ ನಾಕು ದಿನ ತಡಿ. ಅವನ್ನ ತಿನ್ನಾವ್ರು ಬರ್ತಾರ."

ಬೆಳಗ್ಗೆ ಆಕೆ ತಂಬಿಗೆಯಲ್ಲಿ ನೀರು ತಂದು, ಒಂದೊಂದೇ ಕುಡಿಯನ್ನು ಅಂಗೈಯಲ್ಲಿ ಹಿಡಿದು, ಮಗುವಿನ ಮುಖ ತೊಳೆದ ಹಾಗೆ ಎಲೆಯ ಅಡಿಯನ್ನು ತೊಳೆದಳು. ತೀರ ಮುದುಡಿದ ಎರಡು ಕುಡಿಗಳನ್ನು ಚಿವುಟಿ ಬೂದಿಯ ಗುಂಡಿಗೆ ಹಾಕಿದಳು. ಅವರೆಯ ಬಳ್ಳಿಯನ್ನು ಮುಟ್ಟಲಿಲ್ಲ.

ಮಾರನೆಯ ದಿನ ದಾಸವಾಳದ ಎಲೆಯ ಮೇಲೆ ಒಂದು ವಿಕಾರವಾದ ಹುಳು ಹರಿದಾಡುತ್ತಿದ್ದುದನ್ನು ಕಂಡೆ. ಕಪ್ಪು ಮೈ, ನಡುನಡುವೆ ಹಳದಿಯ ಚುಕ್ಕೆ, ಆರು ಕಾಲು. ಅಕ್ಕಿಕಾಳಿನಷ್ಟೇ ಇದ್ದರೂ ಮೊಸಳೆಯ ಮರಿಯಂತೆ ಕಾಣುತ್ತಿದ್ದಿತು. ಬೆರಳಿನಿಂದ ಒರಸಿಹಾಕಲು ಕೈ ಚಾಚಿದೆ.

"ಏ ಏ, ಕೊಲ್ಲಬ್ಯಾಡವ್ವಾ! ಅದು ಮನೀ ನಾಯಿ ಇದ್ದಂಗ. ಅದನ್ನ ಕೊಂದ್ರ ಗಿಡಾ ಕಾಯಾವ್ರು ಯಾರು?"

ಅದು ಗುಲಗಂಜಿ ಹುಳುವಿನ ಮರಿ. ಕೆಂಪು ಅಥವಾ ಕಿತ್ತಳೆಯ ಬೆನ್ನಿನ ಮೇಲೆ ಕಪ್ಪು ಚುಕ್ಕೆ ಗೆರೆಗಳಿರುವ ಗುಲಗಂಜಿ ಹುಳುವನ್ನು ಎಲ್ಲರೂ ಮೆಚ್ಚುತ್ತಾರೆ. ಮಕ್ಕಳು ಅಂಗೈಯ ಮೇಲೆ ಬಿಟ್ಟುಕೊಂಡು ಆಡುತ್ತಾರೆ. ಆದರೆ ಅದರ ಮರಿಯನ್ನು ಗುರುತು ಹಿಡಿಯದೆ ಕೀಟವೆಂದು ಕೊಲ್ಲುವವರೇ ಬಹಳ. ಬೆಳೆದು ದೊಡ್ಡದಾಗುವುದರೊಳಗೆ ಒಂದೊಂದು ಮರಿಯೂ ನೂರಾರು ಹೇನುಗಳನ್ನು ತಿಂದು ಮುಗಿಸುತ್ತದೆ. ಬೆಂಗಳೂರಿನಲ್ಲಿ ನಾನು ಹೊಡೆದ ಔಷಧಕ್ಕೆ ಇಂಥ ಮರಿಗಳೆಷ್ಟು ಆಹುತಿಯಾದವೋ!

*ಗಂಡಿನ ಹಂಗಿಲ್ಲದ ಸಂಸಾರ*

ಇಲ್ಲಿ ಹೇನಿನ ಜೀವನವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಕೃಷಿಯ ಪುಸ್ತಕಗಳಲ್ಲಿ ಇದಕ್ಕೆ ಸಸ್ಯಹೇನು ಎಂದು ಹೆಸರು. ಸೂಜಿಯಂತಹ ಬಾಯನ್ನು ಎಳೆಯ ಕುಡಿಗೆ ಚುಚ್ಚಿ ರಸವನ್ನು ಹೀರುವುದೇ ಇದರ ಕಸುಬು. ದಾಸವಾಳಕ್ಕೆ ಬರುವ ಹೇನೂ ಹತ್ತಿಗೂ ಬೆಂಡೆಗೂ ಬೀಳುವ ಹೇನೂ ಒಂದೇ ಜಾತಿಯದು. ಆ ಮೂರು ಗಿಡಗಳೂ ಒಂದೇ ಕುಲದವು. ಗುಲಾಬಿಯದು ಬೇರೆ, ಎಕ್ಕ ಮತ್ತು ಕಣಗಿಲೆಯ ಮೇಲೆ ಕಾಣುವ ಹಳದಿಯದು ಬೇರೆ, ಯಲಬುರ್ಗಾದ ಕಡೆಯ ಎರೆಹೊಲದಲ್ಲಿ ಕುಸುಬೆಗೆ ಹತ್ತುವ ಕಪ್ಪು ಹೇನು ಮತ್ತೂ ಬೇರೆ.

ಗಿಡದ ರಸದಲ್ಲಿ ಸಕ್ಕರೆ ಹೆಚ್ಚು, ಮೈ ಬೆಳೆಸುವ ಸತ್ತ್ವ ಕಡಿಮೆ. ಆದುದರಿಂದ ಹೇನು ಬೇಕಾದುದಕ್ಕಿಂತ ಬಹಳ ಹೆಚ್ಚು ಹೀರಿ, ಉಳಿದ ಸಕ್ಕರೆಯನ್ನು ಅಂಟು ಹನಿಯಾಗಿ ಹೊರಗೆ ಚೆಲ್ಲುತ್ತದೆ. ಎಲೆಯ ಮೇಲಿನ ಜಿಗುಟು ಇದೇ. ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಅದರ ಆಸೆಗೆ ಇರುವೆ ಬರುತ್ತದೆ.

ಈ ಜಾತಿಯ ಹೆಣ್ಣಿಗೆ ಗಂಡಿನ ಹಂಗಿಲ್ಲ. 1740ರಲ್ಲಿ ಜಿನೀವಾದ ಚಾರ್ಲ್ಸ್ ಬೊನೆ ಎಂಬ ಇಪ್ಪತ್ತು ವರುಷದ ತರುಣನು ಆಗತಾನೆ ಹುಟ್ಟಿದ ಒಂದು ಹೇನನ್ನು ಒಂಟಿಯಾಗಿ ಗಾಜಿನೊಳಗೆ ಇರಿಸಿ, ದಿನವೂ ಕಣ್ಣಿಟ್ಟು ಕಾದನು. ಗಂಡಿನ ಮುಖವನ್ನೇ ಕಾಣದ ಆ ಹೇನು ತೊಂಬತ್ತೈದು ಮರಿಗಳನ್ನು ಈಯ್ದಿತು. ನಮ್ಮ ಬೆಚ್ಚಗಿನ ನಾಡಿನಲ್ಲಿ ಬಹುತೇಕ ಹೇನುಗಳು ವರುಷವಿಡೀ ಹೀಗೆಯೇ ಹೆಣ್ಣುಮರಿಗಳನ್ನೇ ಜೀವಂತವಾಗಿ ಈಯುತ್ತವೆ. ಹುಟ್ಟಿದ ಮರಿ ಒಂದು ವಾರ, ಹೆಚ್ಚೆಂದರೆ ಹತ್ತು ದಿನಗಳಲ್ಲಿ ತಾನೇ ತಾಯಿಯಾಗುತ್ತದೆ. ಕುಡಿಯ ಮೇಲೆ ಜಾಗ ಸಾಲದಾದರೆ ರೆಕ್ಕೆಯುಳ್ಳ ಮರಿಗಳು ಹುಟ್ಟಿ ಪಕ್ಕದ ಗಿಡಕ್ಕೆ ಹಾರುತ್ತವೆ.

ಹೇನನ್ನು ತಿನ್ನುವ ಹುಳುಗಳ ಸಂಸಾರ ಇಷ್ಟು ಬೇಗ ಬೆಳೆಯುವುದಿಲ್ಲ. ಗುಲಗಂಜಿ ಹುಳು ಗಂಡನ್ನು ಹುಡುಕಬೇಕು, ಮೊಟ್ಟೆಯಿಡಬೇಕು. ಮೊಟ್ಟೆ ಒಡೆದು, ಮರಿ ಬೆಳೆದು, ಕೋಶದೊಳಗೆ ಮಲಗಿ ಏಳಬೇಕು. ಔಷಧವು ಇಬ್ಬರನ್ನೂ ಒಟ್ಟಿಗೆ ಕೊಲ್ಲುತ್ತದೆ ಎನ್ನೋಣ. ಎಲೆಯ ಸುರುಳಿಯಲ್ಲಿ ಅಡಗಿ ಉಳಿದ ನಾಲ್ಕು ಹೇನುಗಳು ಒಂದು ವಾರದಲ್ಲಿ ನೂರಾಗುತ್ತವೆ. ಕಾವಲುಗಾರರು ಮಾತ್ರ ಇಲ್ಲ. ನನ್ನ ದಾಸವಾಳದ ಮೂರು ವಾರಗಳ ಲೆಕ್ಕ ಇಷ್ಟೇ.

ದೊಡ್ಡವ್ವ ಈ ಲೆಕ್ಕವನ್ನು ಪುಸ್ತಕದಲ್ಲಿ ಓದಿದವಳಲ್ಲ. ಅವರೆಯ ಬಳ್ಳಿಯನ್ನು ಏಕೆ ತೊಳೆಯಲಿಲ್ಲವೆಂದು ಕೇಳಿದಾಗ ಆಕೆ ಹೇಳಿದಳು: "ಹೇನು ಒಂದೂ ಇಲ್ಲದಂಗ ಮಾಡಿದ್ರ, ಆ ಹುಳಾ ಏನ್ ತಿಂದು ಬದುಕಬೇಕು?" ಅವರೆಯ ಕರಿಹೇನು ಬಹುಮಟ್ಟಿಗೆ ಅವರೆ ಅಲಸಂದೆಗಳ ಜಾತಿಯನ್ನೇ ನೆಚ್ಚಿಕೊಂಡದ್ದು, ದಾಸವಾಳಕ್ಕೆ ಅದರಿಂದ ಹೆಚ್ಚಿನ ಭಯವಿಲ್ಲ. ಆದರೆ ಅಲ್ಲಿ ಬೆಳೆದ ಗುಲಗಂಜಿ ಹುಳುಗಳು ಹಿತ್ತಲನ್ನೆಲ್ಲ ಕಾಯುತ್ತವೆ. ಎಂಟನೆಯ ದಿನ ನಾನು ಹೊರಡುವಾಗ ದಾಸವಾಳದ ಕುಡಿಗಳು ಬಿಚ್ಚಿಕೊಂಡಿದ್ದವು. ಹೇನು ಪೂರ್ತಿ ಹೋಗಿರಲಿಲ್ಲ. ಗಿಡಕ್ಕೆ ಭಾರವಾಗುವಷ್ಟು ಇರಲಿಲ್ಲ.

*ಹೊಲದಲ್ಲಿ ಕಂಡ ಸತ್ಯ*

ಒಂದು ಹಿತ್ತಲಿನ ಮಾತನ್ನು ನಂಬಿ ಕೂಡುವುದು ಹೇಗೆ ಎಂದು ಕೆಲವರು ಕೇಳಬಹುದು. ಅಂಥವರು 2002ನೆಯ ಇಸವಿಯನ್ನು ನೆನಪಿಸಿಕೊಳ್ಳಬೇಕು. ಆ ವರುಷ ದಕ್ಷಿಣ ಮಹಾರಾಷ್ಟ್ರದಲ್ಲಿಯೂ ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೂ ಕಬ್ಬಿಗೆ ಬಿಳಿ ಉಣ್ಣೆಹೇನು ಬಿದ್ದಿತು. ಎಲೆಯ ಅಡಿಯಲ್ಲಿ ಹಿಂಜಿದ ಹತ್ತಿಯನ್ನು ಅಂಟಿಸಿದಂತೆ ಕಾಣುವ ಈ ಹೇನು ಕಬ್ಬು ಬೆಳೆಯುವ ಉತ್ತರ ಕರ್ನಾಟಕದ ಜಿಲ್ಲೆಗಳಿಗೆಲ್ಲ ಹಬ್ಬಿತು. ರೈತರು ಔಷಧ ಹೊಡೆದರು. ಆದರೆ ಆಳೆತ್ತರ ಮೀರಿ ಬೆಳೆದು ಒಂದಕ್ಕೊಂದು ಹೆಣೆದುಕೊಂಡ ಕಬ್ಬಿನೊಳಗೆ ನುಗ್ಗಿ, ಎಲೆಯ ಅಡಿಗೆ ತಗಲುವಂತೆ ಸಿಂಪಡಿಸುವುದು ಯಾರಿಂದಾದೀತು?

ಕೊನೆಗೆ ಕೈಹಿಡಿದವು ಎರಡು ಸಣ್ಣ ಜೀವಿಗಳು: ಡೈಫಾ ಎಂಬ ಪತಂಗದ ಮರಿ, ಮೈಕ್ರೋಮಸ್ ಎಂಬ ಕಂದುಬಣ್ಣದ ಜಾಲರೆಕ್ಕೆಯ ಕೀಟ. ಎರಡೂ ಆ ಹೇನನ್ನು ತಿಂದು ಬದುಕುವಂಥವು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟತಜ್ಞರೂ ಬೆಂಗಳೂರಿನ ಜೈವಿಕ ನಿಯಂತ್ರಣ ಕೇಂದ್ರದವರೂ ಇವುಗಳನ್ನು ಸಾಕಿ, ಹೆಚ್ಚಿಸಿ, ಹೊಲಗಳಿಗೆ ಬಿಡಿಸಿದರು. ಇವು ಬೆಳೆಯುತ್ತಿರುವ ಹೊಲದಲ್ಲಿ ಔಷಧ ಹೊಡೆಯಬೇಡಿರೆಂದು ರೈತರಿಗೆ ತಿಳಿಸಿದರು. ಕೆಲವು ವರುಷಗಳಲ್ಲಿಯೇ ಆ ಪಿಡುಗಿನ ಸೊಕ್ಕು ಅಡಗಿತು. ಎಕರೆಗಟ್ಟಲೆ ಕಬ್ಬಿಗೆ ಒಪ್ಪಿದ ಮಾತು ಒಂದು ದಾಸವಾಳಕ್ಕೆ ಒಪ್ಪದೆ?

ಔಷಧದ ಇನ್ನೊಂದು ಮುಖವನ್ನೂ ನಾವು ಕಂಡವರೇ. ಎಂಡೋಸಲ್ಫಾನನ್ನು ಒಂದು ಕಾಲದಲ್ಲಿ ಹೇನು ಮೊದಲಾದ ರಸ ಹೀರುವ ಹುಳುಗಳಿಗೆಂದು ಎಲ್ಲೆಡೆಯೂ ಮಾರುತ್ತಿದ್ದರು. ಕಾಸರಗೋಡಿನ ಗೇರು ತೋಟಗಳ ಮೇಲೆ ಅದನ್ನು ವರುಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದರು. ತೋಟದ ಸುತ್ತಣ ಹಳ್ಳಿಗಳ ಕಾಯಿಲೆಗಳನ್ನು ಕಂಡು ಜನರು ದೀರ್ಘಕಾಲ ಹೋರಾಡಿದ ಮೇಲೆ, 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ಅಂಗಡಿಯಲ್ಲಿ ಮಾರುತ್ತಾರೆಂದ ಮಾತ್ರಕ್ಕೆ ಅಂಗಳಕ್ಕೆ ತಕ್ಕದ್ದೆಂದು ತಿಳಿಯಬಾರದು.

*ಕ್ರಮ ಹೀಗೆ*

ಹಾಗೆಂದು ಕೈಕಟ್ಟಿ ಕುಳಿತಿರಬೇಕೆಂದು ನಾನು ಹೇಳುವುದಿಲ್ಲ. ಮಾಡುವ ಕೆಲಸವುಂಟು, ಅದಕ್ಕೆ ಒಂದು ಕ್ರಮವುಂಟು.

ಮೊದಲು ನೋಡಿರಿ. ಎಲೆಯನ್ನು ಮಗುಚಿ ಐದು ನಿಮಿಷ ನೋಡಿರಿ. ಗುಲಗಂಜಿ ಹುಳುವಿನ ಮೊಟ್ಟೆ ಹಳದಿಯ ಗೊಂಚಲಾಗಿ ನೆಟ್ಟಗೆ ನಿಂತಿರುತ್ತದೆ. ಕೂದಲಿನಷ್ಟು ತೆಳುವಾದ ಕಡ್ಡಿಯ ತುದಿಯಲ್ಲಿ ಬಿಳಿಯ ಚುಕ್ಕೆ ಕಂಡರೆ ಅದು ಹಸಿರು ಜಾಲರೆಕ್ಕೆಯ ಕೀಟದ ಮೊಟ್ಟೆ. ಕಾಲಿಲ್ಲದ ಸಣ್ಣ ಜಿಗಣೆಯಂತಹ ಮರಿ ಹೇನಿನ ನಡುವೆ ಹೊರಳುತ್ತಿದ್ದರೆ ಅದು ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲಿಯೇ ನಿಲ್ಲುವ ಸಿರ್ಫಿಡ್ ನೊಣದ್ದು. ಉಬ್ಬಿ ಗೋಧಿಯ ಬಣ್ಣಕ್ಕೆ ತಿರುಗಿ ಅಲುಗಾಡದ ಹೇನುಗಳಿದ್ದರೆ, ಅವುಗಳ ಹೊಟ್ಟೆಯೊಳಗೆ ಸಣ್ಣ ಕಣಜದ ಮರಿ ಬೆಳೆಯುತ್ತಿದೆಯೆಂದು ತಿಳಿಯಿರಿ. ಇವುಗಳಲ್ಲಿ ಯಾವುದು ಕಂಡರೂ ಆ ಕುಡಿಯನ್ನು ಮುಟ್ಟಬೇಡಿರಿ.

ಎರಡನೆಯದು ನೀರು. ಬೆಳಗಿನ ಹೊತ್ತು ಎಲೆಯ ಅಡಿಗೆ ತಗಲುವಂತೆ ರಭಸವಾಗಿ ನೀರು ಬಿಡಿರಿ. ರಸ ಹೀರುವ ಬಾಯನ್ನು ಕಿತ್ತುಕೊಂಡು ಕೆಳಗೆ ಬಿದ್ದ ಹೇನುಗಳಲ್ಲಿ ಬಹಳಷ್ಟು ಮತ್ತೆ ಗಿಡ ಹತ್ತಲಾರವು. ಮಳೆಗಾಲದಲ್ಲಿ ಇವುಗಳ ಕಾಟ ಕಡಿಮೆಯಾಗಲು ಜಡಿಮಳೆಯೇ ಒಂದು ಕಾರಣ. ಮೂರು ದಿನಗಳಿಗೊಮ್ಮೆಯಂತೆ ಎರಡು ವಾರ ಹೀಗೆ ತೊಳೆದರೆ ಬಹುಪಾಲು ಮನೆಗಳಲ್ಲಿ ಮುಂದಿನ ಉಪಾಯ ಬೇಕಾಗುವುದೇ ಇಲ್ಲ.

ಮೂರನೆಯದು ಇರುವೆ. ಹೇನಿನ ಅಂಟನ್ನು ಸವಿಯುವ ಇರುವೆಗಳು ಗೋವಳರು ಹಸುಗಳನ್ನು ಕಾಯುವಂತೆ ಹೇನನ್ನು ಕಾಯುತ್ತವೆ. ತಿನ್ನಲು ಬಂದ ಗುಲಗಂಜಿ ಹುಳುವನ್ನು ಕಚ್ಚಿ ಓಡಿಸುತ್ತವೆ. ಗಿಡದ ಕಾಂಡಕ್ಕೆ ಹಳೆಯ ಬಟ್ಟೆಯ ಪಟ್ಟಿಯನ್ನು ಸುತ್ತಿ, ಅದರ ಮೇಲೆ ಹರಳೆಣ್ಣೆಯನ್ನು ದಪ್ಪನಾಗಿ ಸವರಿರಿ. ಒಣಗಿದಂತೆಲ್ಲ ಮತ್ತೆ ಸವರಿರಿ. ಗಿಡ ಕುಂಡದಲ್ಲಿದ್ದರೆ, ಸಕ್ಕರೆಯ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುವುದಿಲ್ಲವೆ, ಹಾಗೆಯೇ ತಟ್ಟೆಯ ನಡುವೆ ಕಲ್ಲಿಟ್ಟು ಅದರ ಮೇಲೆ ಕುಂಡವನ್ನಿಡಿರಿ. ಸೊಳ್ಳೆಯಾಗದಂತೆ ಎರಡು ದಿನಗಳಿಗೊಮ್ಮೆ ನೀರನ್ನು ಚೆಲ್ಲಿ ಹೊಸ ನೀರು ಹಾಕಲು ಮರೆಯಬೇಡಿರಿ.

ನಾಲ್ಕನೆಯದು ಬೇವು. ನೀರಿನಿಂದ ಬಗ್ಗದಿದ್ದರೆ ಮಾತ್ರ ಇದು. ಒಣಗಿದ ಬೇವಿನ ಬೀಜದ ತಿರುಳನ್ನು ಐವತ್ತು ಗ್ರಾಂನಷ್ಟು ತೆಗೆದುಕೊಂಡು ಕುಟ್ಟಿ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರು ನೀರಿನಲ್ಲಿ ರಾತ್ರಿಯಿಡೀ ನೆನೆಯಿಡಿರಿ. ಬೆಳಗ್ಗೆ ಗಂಟನ್ನು ಚೆನ್ನಾಗಿ ಹಿಂಡಿ, ನೀರನ್ನು ಸೋಸಿ, ಎಲೆಗೆ ಹಿಡಿಯುವಂತೆ ಕಡಲೆಕಾಳಿನಷ್ಟು ಮೈಸಾಬೂನನ್ನು ಕರಗಿಸಿರಿ. ಬೇವಿನ ಸತ್ತ್ವ ಬಿಸಿಲಿನಲ್ಲಿ ಬೇಗ ಕೆಡುವುದರಿಂದ ಅಂದೇ ಸಂಜೆ ಹೇನಿರುವ ಕುಡಿಗಳಿಗೆ ಮಾತ್ರ ಸಿಂಪಡಿಸಬೇಕು. ಮೊದಲು ಎರಡು ಎಲೆಗೆ ಹಾಕಿ ನೋಡಿ, ಸುಡದಿದ್ದರೆ ಮುಂದುವರಿಯಿರಿ. ಬೇವೆಂದ ಮಾತ್ರಕ್ಕೆ ಕುಡಿಯುವ ವಸ್ತುವಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಮೆತ್ತನೆಯ ಮೈಯ ಗುಲಗಂಜಿ ಮರಿಗೂ ಅದು ಹಿತವಲ್ಲ. ಆದುದರಿಂದಲೇ ಅದನ್ನು ಕೊನೆಯಲ್ಲಿ ಹೇಳಿದೆ. ಒಲೆಯ ಬೂದಿಯನ್ನು ಎರಚುವ ರೂಢಿಯೂ ಹಳ್ಳಿಗಳಲ್ಲಿ ಉಂಟು. ಹಾಕುವುದಾದರೆ ತೆಳುವಾಗಿ ಹಾಕಿ, ಎರಡು ದಿನಗಳ ಮೇಲೆ ತೊಳೆದುಬಿಡಿರಿ.

ಐದನೆಯದು ಆಹಾರ. ಗಿಡ ಬೇಗ ಬೆಳೆಯಲೆಂದು ಯೂರಿಯಾ ಸುರಿದರೆ ಎಳೆಯ ರಸಭರಿತ ಕುಡಿಗಳು ಹೆಚ್ಚುತ್ತವೆ; ಹೇನಿಗೆ ಅದೇ ಹಬ್ಬದೂಟ. ಕೊಳೆತ ಸಗಣಿಗೊಬ್ಬರ ಮಿತವಾಗಿದ್ದರೆ ಸಾಕು. ಬದಲಿಗೆ ಒಂದು ಮೂಲೆಯಲ್ಲಿ ನಾಲ್ಕು ಕೊತ್ತಂಬರಿ ಗಿಡಗಳನ್ನು ಕೀಳದೆ ಹೂವಿಗೆ ಬಿಡಿರಿ. ಸಿರ್ಫಿಡ್ ನೊಣವೂ ಸಣ್ಣ ಕಣಜವೂ ಆ ಹೂವಿನ ಮಕರಂದಕ್ಕೆ ಬಂದು ನಿಮ್ಮಲ್ಲಿಯೇ ನೆಲೆಸುತ್ತವೆ.

ಒಂದು ಎಚ್ಚರಿಕೆ. ಹೇನು ರಸ ಹೀರುವುದಷ್ಟೇ ಅಲ್ಲ, ಕೆಲವು ಗಿಡಗಳಿಗೆ ರೋಗವನ್ನೂ ಹೊತ್ತು ತರುತ್ತದೆ. ಕೊಡಗು ಮಲೆನಾಡುಗಳ ಏಲಕ್ಕಿಯ ಕಟ್ಟೆ ರೋಗ, ಬಾಳೆಯ ಎಲೆಗಳು ತುದಿಯಲ್ಲಿ ಗೊಂಚಲಾಗುವ ರೋಗ, ಪಪ್ಪಾಯಿಯ ಉಂಗುರ ಚುಕ್ಕೆ ರೋಗ, ಇವೆಲ್ಲ ಹೇನಿನಿಂದ ಹರಡುವಂಥವು. ಅಲ್ಲಿ ತೊಳೆಯುವುದರಿಂದಾಗಲಿ ಬೇವಿನಿಂದಾಗಲಿ ರೋಗ ಹಿಂದೆ ಸರಿಯದು. ರೋಗ ತಗಲಿದ ಗಿಡವನ್ನು ಬೇರುಸಹಿತ ಕಿತ್ತು ದೂರ ಹಾಕುವುದೊಂದೇ ದಾರಿ. ದಾಸವಾಳ, ಗುಲಾಬಿ, ಕಣಗಿಲೆಗಳ ವಿಷಯದಲ್ಲಿ ಅಷ್ಟು ಅಂಜಬೇಕಾದುದಿಲ್ಲ.

*ಒಣಗುವವರೆಗೆ ಕಾಯುವುದು*

ಕಿನ್ನಾಳದಿಂದ ಹೊರಡುವ ಮುನ್ನ ಮೊಮ್ಮಗಳಿಗೊಂದು ಗೊಂಬೆ ಕೊಳ್ಳಲು ಪಕ್ಕದ ಓಣಿಯ ಚಿತ್ರಗಾರರ ಮನೆಗೆ ಹೋಗಿದ್ದೆ. ಹುಣಸೆಬೀಜದ ಸರಿಯಲ್ಲಿ ಚಿಂದಿಯನ್ನೂ ಮರದ ಹೊಟ್ಟನ್ನೂ ಕಲಸಿ ಗೊಂಬೆಯ ಮೈಗೆ ಮೆತ್ತಿ ಒಣಗಲು ಇಟ್ಟಿದ್ದರು. ಬಣ್ಣ ಹಾಕಿದ ಗಿಳಿಯೊಂದನ್ನು ತೋರಿಸಿ, "ಇದನ್ನು ಇವತ್ತೇ ಕೊಡುತ್ತೀರಾ?" ಎಂದು ಕೇಳಿದೆ. "ಇವತ್ತ ಆಗಂಗಿಲ್ರಿ ಅಕ್ಕಾರ. ಹಸೀ ಇದ್ದಾಗ ಒಯ್ದ್ರ ಬಣ್ಣಾ ಬಿರೀತೈತ್ರಿ. ನಾಳಿಗೆ ಬರ್ರಿ" ಎಂದರು ಅವರು. ಮರುದಿನ ಬೆಳಗ್ಗೆ ಬಸ್ಸು ಹತ್ತುವ ಮೊದಲು ಹೋಗಿ ಗಿಳಿಯನ್ನು ತಂದೆ.

ಈ ವರುಷವೂ ಚಳಿ ಬಂದಿದೆ. ಬೆಂಗಳೂರಿನ ನಮ್ಮ ಅಂಗಳದ ದಾಸವಾಳಕ್ಕೆ ಹೇನೂ ಬಂದಿದೆ. ಆ ಸೀಸೆಯನ್ನು ನಾನು ಮತ್ತೆ ಮುಟ್ಟಿಲ್ಲ. ಬೆಳಗ್ಗೆ ನಾನು ತಂಬಿಗೆಯಲ್ಲಿ ನೀರು ಹಿಡಿದು ನಿಂತರೆ, ಈಗ ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೊಮ್ಮಗಳು ಎಲೆಗಳನ್ನು ಮಗುಚಿ ನೋಡಿ, "ಅಜ್ಜೀ, ಈ ಕುಡಿ ಬೇಡ, ಇಲ್ಲಿ ಮೊಸಳೆ ಮರಿ ಇದೆ" ಎಂದು ನನ್ನ ಕೈಯನ್ನು ತಡೆಯುತ್ತಾಳೆ. ತೊಳೆಯುವುದು ಮುಗಿದ ಮೇಲೆ ಒಂದು ಹೂವನ್ನು ಕಿತ್ತು ಬುಡವನ್ನು ಚೀಪುತ್ತಾಳೆ. ನಾನು ಬೇಡವೆನ್ನುವುದಿಲ್ಲ.